ಬೀದಿ ಯಾರದು?

ಸಂಸ್ಕೃತದ ‘ವೀಥಿ’ ಕನ್ನಡಕ್ಕೆ ಬಂದು ‘ಬೀದಿ’ಯಾಯಿತು. ಇದು ತದ್ಭವವೆಂದು ತರಗತಿಯಲ್ಲಿ ಹೇಳಿ ಮುಂದಿನ ಪದಕ್ಕೆ ಹೋಗುವುದು ನಮ್ಮಂಥ ಪಂಡಿತರ ವಾಡಿಕೆ. ಆದರೆ ಒಮ್ಮೆ ಒಬ್ಬ ಹುಡುಗ ಎದ್ದುನಿಂತು, “ಬೀದಿ ಯಾರದು, ಸಾರ್?” ಎಂದು ಕೇಳಿಬಿಟ್ಟ. ಮನೆಯ ಮುಂದೆ ಚಿನ್ನಿದಾಂಡು ಆಡುತ್ತಿದ್ದಾಗ ಯಾರೋ ಕಾರಿನವರು ಗದರಿಸಿ ಓಡಿಸಿದ್ದರಂತೆ. ಆ ಕಾರಿನವನು ನಾನಲ್ಲ. ಆದರೆ ನಾನೇ ಆಗಿರಬಹುದಾಗಿತ್ತು.

ಏಕೆಂದರೆ ಹುಣಸೂರಿನ ನಮ್ಮ ಹಳೆಯ ಮನೆಗೂ ಒಂದು ಜಗಲಿಯಿತ್ತು. ಕಾರು ಕೊಂಡ ವರ್ಷ ಅದನ್ನು ಒಡೆಸಿ ಇಳಿಜಾರು ಕಟ್ಟಿಸಿದವನು ನಾನೇ. ಪಕ್ಕದ ಮನೆಯ ಅಜ್ಜಿ ಸಂಜೆಯ ಹೊತ್ತು ಅಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು, ಹೋಗಿಬರುವವರನ್ನು ಮಾತನಾಡಿಸುತ್ತಿದ್ದರು. ಜಗಲಿ ಹೋದ ಮೇಲೆ ಅವರು ಒಳಗೇ ಉಳಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದುದೇ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹಳೆಯ ಬೀದಿಯೆಲ್ಲ ಸ್ವರ್ಗವಾಗಿತ್ತೆಂದು ನಾನು ಹೇಳುವುದಿಲ್ಲ. ಜಾತಿಗೊಂದು ಕೇರಿಯಿದ್ದ ಕಾಲದಲ್ಲಿ ಎಲ್ಲ ಜಗಲಿಗಳೂ ಎಲ್ಲರಿಗೂ ಇರಲಿಲ್ಲ. ಆದುದರಿಂದ ಹಳೆಯದನ್ನು ಹಾಗೆಯೇ ಮರಳಿ ತರುವುದು ನಮ್ಮ ಕೆಲಸವಲ್ಲ. ಎಲ್ಲರೂ ಕೂಡಬಹುದಾದ ಬೀದಿಯನ್ನು ಹೊಸದಾಗಿ ಮಾಡಿಕೊಳ್ಳುವುದು ನಮ್ಮ ಕೆಲಸ.

ಊರು ಕಟ್ಟುವುದರಲ್ಲಿ ನಮ್ಮ ಸೀಮೆಗೆ ಅನುಭವವಿಲ್ಲವೆ? 1924ರ ಕಾವೇರಿಯ ಮಹಾಪೂರದಲ್ಲಿ ಎಡತೊರೆ ನೊಂದ ಮೇಲೆ, ಅದರ ಬಳಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕೃಷ್ಣರಾಜನಗರ ಎದ್ದಿತು. ಅಳೆದು ಗೆರೆಯೆಳೆದ, ಅಗಲವಾದ ಬೀದಿಗಳ ಊರು. ಆ ಅಗಲ ಗಾಳಿಬೆಳಕಿಗೆ, ಜನರ ಓಡಾಟಕ್ಕೆ ಒದಗಲೆಂದು ಇದ್ದದ್ದು. ಇಂದು ಅದರ ಎರಡು ಅಂಚನ್ನೂ ನಿಂತ ವಾಹನಗಳು ನುಂಗಿವೆ. ಪಿರಿಯಾಪಟ್ಟಣದಲ್ಲಿಯೂ ಹೆಗ್ಗಡದೇವನಕೋಟೆಯಲ್ಲಿಯೂ ಹೊಗೆಸೊಪ್ಪಿನ ಹರಾಜಿನ ಕಾಲ ಬಂತೆಂದರೆ ಬೇಲು ಹೇರಿದ ಗಾಡಿಗಳ ಸಾಲನ್ನು ಕೇಳಬೇಕೆ? ರೈತನ ಗಾಡಿಗೆ ದಾರಿ ಬೇಕು, ನಿಜ. ಆದರೆ ಪೇಟೆಯ ರಸ್ತೆ ಬೇರೆ, ಮನೆಗಳ ನಡುವಿನ ಬೀದಿ ಬೇರೆ.

ಈ ಭೇದವನ್ನು ಹಾಲೆಂಡಿನವರು ಚೆನ್ನಾಗಿ ಅರಿತರು. 1960ರ ದಶಕದ ಕೊನೆಗೆ ಡೆಲ್ಫ್ಟ್ ಎಂಬ ಊರಿನಲ್ಲಿ ಮನೆಗಳ ಬೀದಿಯ ಕಾಲುದಾರಿಯನ್ನೂ ಗಾಡಿದಾರಿಯನ್ನೂ ಒಂದೇ ಸಮಮಾಡಿ, ನಡುನಡುವೆ ಗಿಡವನ್ನೂ ಬೆಂಚನ್ನೂ ಇಟ್ಟರು. ಅದಕ್ಕೆ ‘ವೂನೆರ್ಫ್’ ಎಂದು ಹೆಸರು. ನಮ್ಮ ಮಾತಿನಲ್ಲಿ ವಾಸದ ಅಂಗಳವೆನ್ನಬಹುದು. ಅಲ್ಲಿ ಕಾರು ಬರಬಾರದೆಂದಿಲ್ಲ. ಬಂದರೆ ನಡೆಯುವವರ ವೇಗದಲ್ಲಿ, ಅತಿಥಿಯಂತೆ ಬರಬೇಕು. 1976ರಲ್ಲಿ ಇದಕ್ಕೆ ಕಾನೂನಿನ ಬಲವೂ ದೊರೆಯಿತು. ಇದರ ಹಿಂದಿನ ಲೆಕ್ಕ ಸರಳ: ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ಸಾಗುವ ದೂರ ನಾಲ್ಕರಷ್ಟಾಗುತ್ತದೆ. ಚೆಂಡಿನ ಹಿಂದೆ ಓಡುವ ಮಗುವಿಗೆ ಈ ಲೆಕ್ಕ ತಿಳಿಯದು, ದೊಡ್ಡವರಿಗೆ ತಿಳಿದಿರಬೇಕು.

ಅಷ್ಟು ದೂರವೇಕೆ? ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳನ್ನು ನಿಲ್ಲಿಸಿ, ಬೀದಿಯನ್ನು ನಡೆಯುವವರಿಗೆ ಬಿಟ್ಟರು. ಅದು ಅಂಗಡಿಗಳ ಬೀದಿ. ಮನೆಗಳ ಬೀದಿಯಲ್ಲಿ ಇದು ಇನ್ನೂ ಸುಲಭ.

ಬೀದಿ ಮುಚ್ಚುವುದೆಂದರೆ ಆಗದ ಮಾತು ಎನ್ನುವವರಿದ್ದಾರೆ. ಅವರನ್ನು ನಾನು ವಿನಯದಿಂದ ಕೇಳುತ್ತೇನೆ: ಗಣೇಶನನ್ನು ಕೂರಿಸಲು ಬೀದಿಗೆ ಅಡ್ಡಲಾಗಿ ಪೆಂಡಾಲು ಹಾಕುವುದಿಲ್ಲವೆ? ಮದುವೆಗೆ ಶಾಮಿಯಾನ ಹಾಕಿದಾಗ, ಸಾವಿನ ಮನೆಯ ಮುಂದೆ ಬೆಂಚು ಹಾಕಿದಾಗ, ಯಾರಾದರೂ ತಕರಾರು ತೆಗೆಯುತ್ತಾರೆಯೆ? ಸುತ್ತುಬಳಸಿ ಹೋಗುತ್ತೇವೆ. ದೇವರಿಗೂ ಮದುವೆಗೂ ಸಾವಿಗೂ ಬಿಟ್ಟುಕೊಡುವ ಬೀದಿಯನ್ನು ವಾರಕ್ಕೆ ಮೂರು ಗಂಟೆ ಮಕ್ಕಳಿಗೆ ಬಿಡಲಾಗದೆ?

ನನ್ನ ಸಲಹೆ ಚಿಕ್ಕದು. ಒಂದೇ ಬೀದಿಯನ್ನು ಆರಿಸಿಕೊಳ್ಳಿ. ಬಸ್ಸು ಓಡದ ಬೀದಿಯಾಗಿರಲಿ. ಮೊದಲು ಪ್ರತಿ ಮನೆಯವರನ್ನೂ ಕೇಳಿ. ಬಾಡಿಗೆಗೆ ಇರುವವರನ್ನು ಮರೆಯಬೇಡಿ. ಪುರಸಭೆಗೂ ಪೊಲೀಸ್ ಠಾಣೆಗೂ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ. ಭಾನುವಾರ ಸಂಜೆ ನಾಲ್ಕರಿಂದ ಏಳರವರೆಗೆ ವಾಹನಗಳನ್ನು ಬೇರೆಡೆ ನಿಲ್ಲಿಸಿ. ಆಂಬುಲೆನ್ಸಿಗೂ ಬೆಂಕಿಯ ಗಾಡಿಗೂ ದಾರಿ ತೆರವಾಗಿರಲಿ. ಅಡ್ಡಗಟ್ಟಿದ್ದನ್ನು ಒಬ್ಬನೇ ಎತ್ತಿಡುವಂತಿರಲಿ. ಧ್ವನಿವರ್ಧಕ ಬೇಡ, ಭಾಷಣವೂ ಬೇಡ. ಹೆಣ್ಣುಮಕ್ಕಳು ಕುಂಟಾಬಿಲ್ಲೆಗೆ ಗೆರೆ ಎಳೆಯಲಿ, ಹುಡುಗರು ಬುಗುರಿಯಾಡಲಿ, ಮುದುಕರಿಗೆ ನಾಲ್ಕು ಕುರ್ಚಿ ಇರಲಿ. ತಿಂಗಳಾದ ಮೇಲೆ, ತೊಂದರೆ ಯಾರಿಗಾಯಿತೆಂದು ಎಲ್ಲರೂ ಕೂತು ವಿಚಾರಿಸಿ ತಿದ್ದಿಕೊಳ್ಳಿ.

ಆ ಹುಡುಗನಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಸಾರ್ವಜನಿಕ ಬೀದಿ ಪುರಸಭೆಯ ಸ್ವಾಧೀನದ್ದೆಂದು ಕಾನೂನು ಹೇಳುತ್ತದೆ. ಅದು ಕಾಗದದ ಉತ್ತರ. ನಿಜವಾದ ಉತ್ತರಕ್ಕಾಗಿ ನಮ್ಮ ಮನೆಯ ಇಳಿಜಾರಿನ ಪಕ್ಕದಲ್ಲಿ, ಇಬ್ಬರು ಕೂರುವಷ್ಟು ಅಗಲದ ಒಂದು ಕಲ್ಲುಚಪ್ಪಡಿ ಹಾಕಿಸಿದ್ದೇನೆ. ಮೊದಲ ದಿನ ಅಜ್ಜಿ ಬಂದು ಕೈಯಿಂದ ಅದರ ಧೂಳನ್ನು ಒರೆಸಿ, “ಜಗಲಿಯಷ್ಟು ತಂಪಿಲ್ಲ ಕಣಪ್ಪ ಮೇಷ್ಟ್ರೆ,” ಎಂದರು. ಹಾಗೆಂದು ಕುಳಿತೂ ಕುಳಿತರು.