ಕಡಲ ಮೀನಿಗೆ ಎಳೆದ ಗೆರೆ



ಯಾವ ಪ್ರಾಣಿ ಎಲ್ಲಿ ವಾಸಿಸುತ್ತದೆಂಬುದನ್ನು ಶಾಸ್ತ್ರಗ್ರಂಥಗಳು ಭೂಪಟದ ಮೇಲೆ ಗೆರೆಯೆಳೆದು ತೋರಿಸುವುದುಂಟು. ಆಳಗಡಲಿನ ಮೀನುಗಳ ವಿಷಯದಲ್ಲಿ ಈ ಗೆರೆಯನ್ನು ಎಷ್ಟುಮಟ್ಟಿಗೆ ನಂಬಬಹುದೆಂಬುದಕ್ಕೆ ಸೀಲಕ್ಯಾಂತ್ ಎಂಬ ಮೀನಿನ ವೃತ್ತಾಂತವೇ ಸಾಕು.

ಈ ಕುಲವು ಸುಮಾರು 6.5 ಕೋಟಿ ವರ್ಷಗಳ ಹಿಂದೆಯೇ ಅಳಿಯಿತೆಂದು ವಿದ್ವಾಂಸರು ನಂಬಿದ್ದರು. ಅವರು ಕಂಡಿದ್ದುದು ಶಿಲಾವಶೇಷಗಳನ್ನು ಮಾತ್ರ. ಹೀಗಿರಲು 1938ರ ಡಿಸೆಂಬರ್ 22ರಂದು ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ಬಂದರಿನಲ್ಲಿ, ಅಲ್ಲಿಯ ವಸ್ತುಸಂಗ್ರಹಾಲಯದ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಎಂಬವರು ಬಲೆಗೆ ಸಿಕ್ಕಿ ಬಂದಿದ್ದ ಮೀನುಗಳ ರಾಶಿಯಲ್ಲಿ ಸುಮಾರು 1.5 ಮೀಟರ್ ಉದ್ದದ ನೀಲಿ ಮೀನೊಂದನ್ನು ಕಂಡರು. ಜೆ. ಎಲ್. ಬಿ. ಸ್ಮಿತ್ ಎಂಬ ಪಂಡಿತರು ಅದು ಸೀಲಕ್ಯಾಂತೇ ಎಂದು ಗುರುತಿಸಿದರು. ಆದರೆ ಅಷ್ಟರಲ್ಲಿ ಅದರ ಒಳಗಿನ ಅಂಗಗಳೆಲ್ಲ ನಷ್ಟವಾಗಿದ್ದುವು. ಎರಡನೆಯ ಮೀನು ಬೇಕಾಯಿತು. 100 ಪೌಂಡು ಬಹುಮಾನವನ್ನು ಸಾರುವ ಕರಪತ್ರಗಳನ್ನು ಮೂರು ಭಾಷೆಗಳಲ್ಲಿ ಹಂಚಿ ಸ್ಮಿತ್ತರು 14 ವರ್ಷ ಕಾದರು.

1952ರಲ್ಲಿ ಅದು ದೊರೆತುದು ಬಹುದೂರದ ಕೊಮೊರೊ ದ್ವೀಪಗಳಲ್ಲಿ. ಅಲ್ಲಿಯ ಬೆಸ್ತರಿಗೆ ಇದರಲ್ಲಿ ಅಚ್ಚರಿಯೇನೂ ಇರಲಿಲ್ಲ. ಅವರು ಅದನ್ನು ‘ಗೊಂಬೆಸ್ಸ’ ಎಂದು ಕರೆಯುತ್ತಿದ್ದರು. ಊಟಕ್ಕೆ ಅಷ್ಟೇನೂ ಒಗ್ಗದ ಮೀನೆಂದು ಬಲ್ಲವರಾಗಿದ್ದರು.

ಅಂದಿನಿಂದ ಕೊಮೊರೊವೇ ಇದರ ತವರೆಂಬ ಮಾತು ನೆಲೆಯೂರಿತು. ಬೇರೆಡೆ ಸಿಕ್ಕಿದುವೆಲ್ಲ ಪ್ರವಾಹದ ಸೆಳೆತಕ್ಕೆ ಸಿಕ್ಕಿ ದಾರಿತಪ್ಪಿದುವೆಂದು ಸಮಾಧಾನ ಹೇಳಿದ್ದಾಯಿತು. ನಿಜವಾದ ಕಾರಣವನ್ನು ನೀರಿನ ತಳದಲ್ಲಿ ಹುಡುಕಬೇಕು. ಈ ಮೀನು ಹಗಲೆಲ್ಲ ಸುಮಾರು 200 ಮೀಟರ್ ಆಳದ ಬಂಡೆಗವಿಗಳಲ್ಲಿ ಅಡಗಿರುತ್ತದೆ. ತಳವನ್ನು ಗೋರುವ ದೊಡ್ಡ ಬಲೆಗಳು ಅಂತಹ ಬಂಡೆಗಳಲ್ಲಿ ಹರಿದುಹೋಗುವುವು. ಕೊಮೊರೊಗಳಾದರೋ ಅಗ್ನಿಪರ್ವತದ ದ್ವೀಪಗಳು; ದಡ ಬಿಟ್ಟೊಡನೆಯೇ ನೆಲ ಕಡಿದಾಗಿ ಇಳಿಯುತ್ತದೆ. ಆದುದರಿಂದ ಪುಟ್ಟ ದೋಣಿಯಲ್ಲಿ ಕುಳಿತವನು ನೂರು ಮಾರು ದಾರವನ್ನು ಬಿಟ್ಟರೆ ಗಾಳ ಗವಿಯ ಬಾಗಿಲಿಗೇ ತಲಪುತ್ತದೆ. ಗಾಳ ಇಳಿದೆಡೆ ಮೀನು ಸಿಕ್ಕಿತು. ಸಿಕ್ಕಿದೆಡೆಯನ್ನೇ ಗ್ರಂಥಗಳು ಅದರ ದೇಶವೆಂದುವು!

1997ರಲ್ಲಿ ಅಮೆರಿಕದ ಮಾರ್ಕ್ ಎರ್ಡ್‌ಮನ್ ದಂಪತಿಗಳು ಇಂಡೊನೇಷ್ಯದ ಮನಾಡೊ ಊರಿನ ಸಂತೆಯಲ್ಲಿ ಇಂತಹುದೇ ಮೀನನ್ನು ಕಂಡರು. ಕೊಮೊರೊಗಳಿಂದ ಅಲ್ಲಿಗೆ ಸುಮಾರು 10,000 ಕಿಲೋಮೀಟರ್! ಅಲ್ಲಿಯ ಬೆಸ್ತರು ಅದಕ್ಕಿಟ್ಟಿದ್ದ ಹೆಸರು ‘ರಾಜಾ ಲಾವುತ್’, ಎಂದರೆ ಕಡಲಿನ ರಾಜ. ನಮ್ಮ ‘ರಾಜ’ ಶಬ್ದವೇ ಇದು. 1999ರಲ್ಲಿ ಇದನ್ನು ಬೇರೆಯೇ ಜಾತಿಯೆಂದು ವರ್ಣಿಸಲಾಯಿತು. ಮರುವರ್ಷ ದಕ್ಷಿಣ ಆಫ್ರಿಕದ ಸೋಡ್ವಾನ ಕೊಲ್ಲಿಯಲ್ಲಿ ಮುಳುಗುಗಾರರು 104 ಮೀಟರ್ ಆಳದಲ್ಲಿ ಜೀವಂತ ಸೀಲಕ್ಯಾಂತ್‌ಗಳನ್ನೇ ಕಂಡರು. ದಾರಿತಪ್ಪಿದುವೆಂಬ ವಾದ ಅಲ್ಲಿಗೆ ಸಡಿಲವಾಯಿತು.

2003ರಿಂದೀಚೆಗೆ ಟಾಂಜಾನಿಯದ ಕರಾವಳಿಯಲ್ಲಿಯೂ ಇವು ಸಿಕ್ಕಿವೆ. ಅಲ್ಲಿ ಹಿಡಿದುದು ಶಾರ್ಕ್ ಮೀನಿಗಾಗಿ ಆಳಕ್ಕೆ ಬಿಟ್ಟ ಬಲೆಗಳು. ಈ ಮೀನು ನೂರು ವರ್ಷದವರೆಗೆ ಬಾಳಬಹುದೆಂದೂ, ಸುಮಾರು ಐದು ವರ್ಷ ಗರ್ಭ ಹೊರುವುದೆಂದೂ 2021ರ ಒಂದು ಸಂಶೋಧನೆಯು ಎಣಿಸಿದೆ. ಬಲೆಗೆ ಸಿಕ್ಕಿದ ಒಂದು ತಾಯಿಮೀನಿನ ಸ್ಥಾನ ತುಂಬಲು ಎಷ್ಟು ಕಾಲ ಬೇಕೆಂಬುದನ್ನು ಶ್ರೋತೃಗಳೇ ಲೆಕ್ಕಹಾಕಬಹುದು.