ಮಷೀನಿಗೆ ಸಾಲ, ಕೈಗೆ ಕಾವಲು



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಸಂಘದವರೆಲ್ಲ ಸೇರಿದ್ದೀರಿ. ಕಿನ್ನಾಳದ ಗೊಂಬೆ ನಿಮಗೆಲ್ಲ ಗೊತ್ತು. ಹಗುರ ಕಟ್ಟಿಗೆ ಕೆತ್ತಿ ಬಣ್ಣ ಹಚ್ಚುವ ಆ ಮನೆಗಳಲ್ಲಿ ಬೆರಳೇ ಬಂಡವಾಳ. ಬಾಗಿಲು-ಕಿಟಕಿ ಮಾಡುವ ಬಡಿಗೇರರಿಗೂ ಹಾಗೇ. ಈಗ ಕರೆಂಟಿನ ಗರಗಸದ ಮೇಜು ಬಂದಿದೆ. ಅದನ್ನು ಕೊಳ್ಳಲು ಸಂಘದ ಸಾಲ ಕೇಳುತ್ತಾರೆ.

ಮನೆಭೇಟಿಗೆ ಹೋದಾಗ ಒಬ್ಬ ತಾಯಿ ನಮ್ಮ ಮುಂದೆ ಅತ್ತರು: “ಸಿಸ್ಟರ್, ಮಗನ ಎರಡು ಬೆರಳು ಹೋದ್ವು. ಮುಚ್ಚಳ ಅಡ್ಡ ಬರತೈತಿ ಅಂತ ತೆಗೆದಿಟ್ಟಿದ್ರಂತ್ರಿ.” ಕೆಲಸ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ.

ಕೈ ಉಳಿಸುವ ಉಪಾಯಗಳು ಮುಖ್ಯವಾಗಿ ಮೂರು.

ಮೊದಲನೆಯದು ಹಳೆಯದು, ಅಗ್ಗದ್ದು. ಬ್ಲೇಡಿನ ಮೇಲೊಂದು ಮುಚ್ಚಳ. ಬ್ಲೇಡಿನ ಹಿಂದೆ ಒಂದು ಉಕ್ಕಿನ ತಗಡು. ಇದಕ್ಕೆ ರೈವಿಂಗ್ ನೈಫ್ ಅಂತಾರೆ. ಕೊಯ್ದ ಹಲಗೆ ಮತ್ತೆ ಕೂಡಿ ಬ್ಲೇಡನ್ನು ಹಿಡಿದರೆ, ಹಲಗೆ ಒದ್ದ ಹಾಗೆ ಹಿಂದಕ್ಕೆ ಹಾರುತ್ತದೆ. ಅದನ್ನು ಈ ತಗಡು ತಡೆಯುತ್ತದೆ. ಸಣ್ಣ ತುಂಡನ್ನು ಕೈಯಿಂದಲ್ಲ, ಕೋಲಿನಿಂದ ತಳ್ಳಬೇಕು.

ಎರಡನೆಯದು ಅಮೆರಿಕದ ಸಾಸ್ಟಾಪ್. 1999ರಲ್ಲಿ ಕಂಡುಹಿಡಿದದ್ದು, 2004ರಿಂದ ಮಾರಾಟಕ್ಕೆ ಬಂತು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಇರುತ್ತದೆ. ಬೆರಳು ತಾಗಿದ ಕೂಡಲೇ ಅಲ್ಯೂಮಿನಿಯಂ ತುಂಡೊಂದು ಬ್ಲೇಡಿಗೆ ಕಚ್ಚಿಕೊಂಡು, ಸೆಕೆಂಡಿನ ಸುಮಾರು 200ರಲ್ಲಿ ಒಂದು ಪಾಲಿನಲ್ಲಿ ನಿಲ್ಲಿಸುತ್ತದೆ. ಸಾಮಾನ್ಯವಾಗಿ ಸಣ್ಣ ಗಾಯದಲ್ಲೇ ಮುಗಿಯುತ್ತದೆ. ಆದರೆ ಆ ತುಂಡು ಹೊಸದು ಹಾಕಬೇಕು, ಬ್ಲೇಡೂ ಹಾಳಾಗುತ್ತದೆ. ಹಸಿ ಕಟ್ಟಿಗೆ ತಾಗಿದರೂ ಕೆಲವೊಮ್ಮೆ ಬ್ರೇಕ್ ಬೀಳುತ್ತದೆ.

ಮೂರನೆಯದು ಜರ್ಮನಿಯ ಆಲ್ಟೆಂಡಾರ್ಫ್ ಮಷೀನು. ಕ್ಯಾಮೆರಾಗಳು ಕೈಯನ್ನು ನೋಡುತ್ತಿರುತ್ತವೆ. ಕೈ ಹತ್ತಿರ ಬಂದರೆ, ತಾಗುವ ಮುಂಚೆಯೇ ಬ್ಲೇಡು ಮೇಜಿನ ಕೆಳಗೆ ಇಳಿಯುತ್ತದೆ.

ಇವೆರಡೂ ದುಬಾರಿ, ನಮ್ಮ ಸಣ್ಣ ಅಂಗಡಿಗೆ ಎಟುಕುವುದಿಲ್ಲ. ಅಲ್ಲದೆ ಹಲಗೆ ಒದೆಯುವುದಕ್ಕೆ ಅವುಗಳಲ್ಲೂ ಆ ಉಕ್ಕಿನ ತಗಡೇ ಬೇಕು. ಹಾಗಾಗಿ ಹೈರಾಣಾಗಬೇಡಿ, ಮೊದಲ ಉಪಾಯ ನಮ್ಮ ಕೈಯಲ್ಲೇ ಇದೆ.

ಅಪಾಯದ ಯಂತ್ರಕ್ಕೆ ರಕ್ಷಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಆದರೆ ಇಬ್ಬರು ಮೂವರು ದುಡಿಯುವ ಅಂಗಡಿಗೆ ಯಾವ ಇನ್ಸ್‌ಪೆಕ್ಟರು ಬರುತ್ತಾರೆ? ನೋಡಬೇಕಾದವರು ನಾವೇ.

ಮಷೀನಿಗೆ ಸಾಲ ಕೇಳಿದಾಗ ಸಭೆಯಲ್ಲಿ ಕೇಳಿರಿ: ಮುಚ್ಚಳ ಐತೇನು? ಹಿಂದಿನ ತಗಡು ಐತೇನು? ತಳ್ಳುವ ಕೋಲು ಐತೇನು? ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಹೋಗಿ ನೋಡಿರಿ. ಗರಗಸದ ಮುಂದೆ ಕೈಗವಸು, ಜೋಲಾಡುವ ಸೆರಗು ಬೇಡ. ಬ್ಲೇಡು ಅದನ್ನು ಹಿಡಿದು ಕೈಯನ್ನೇ ಎಳೆದುಕೊಳ್ಳುತ್ತದೆ. ಬ್ಲೇಡು ಪೂರ್ತಿ ನಿಂತ ಮೇಲೆಯೇ ಪುಡಿ ಬಳಿಯಬೇಕು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗಬಾರದು. ಸಾಲ ಇವತ್ತಲ್ಲ ನಾಳೆ ತೀರುತ್ತದೆ, ಹೋದ ಬೆರಳು ಮರಳಿ ಬರುವುದಿಲ್ಲ. ಮುಂದಿನ ಸಭೆಯಲ್ಲೇ ಈ ವಿಷಯ ಎತ್ತುತ್ತೀರಲ್ಲಾ?