ರಕ್ತನಾಳದ ಮೂಲಕ ಮೀನೆಣ್ಣೆ

ಸಿಯಾಲ್ದಾ ನಿಲ್ದಾಣದಲ್ಲಿ ಇಳಿದವರಿಗೆ ನೀಲರತನ ಸರ್ಕಾರ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಕೂಗಳತೆಯ ದೂರ. ಇಲಿಶ್ ಮೀನು ಹುರಿದ ಎಣ್ಣೆಯನ್ನು ಅನ್ನಕ್ಕೆ ಕಲಸಿ ಉಣ್ಣುವ ಈ ನಾಡಿನಲ್ಲಿಯೂ, ಮೀನೆಣ್ಣೆಯನ್ನು ರಕ್ತನಾಳಕ್ಕೇ ಹರಿಸುವರೆಂದರೆ ಕೇಳಿದವರು ಹುಬ್ಬೇರಿಸುವರು.

ಕರುಳು ಕೆಲಸ ಮಾಡದ ತೀವ್ರ ರೋಗಿಗೆ ಸಕ್ಕರೆ, ಅಮೈನೋ ಆಮ್ಲ ಹಾಗೂ ಕೊಬ್ಬನ್ನು ಅಭಿಧಮನಿಯ ಮೂಲಕವೇ ಕೊಡಬೇಕಾಗುತ್ತದೆ. ಎಣ್ಣೆಯನ್ನು ಹಾಗೆಯೇ ಸೇರಿಸಿದರೆ ಪ್ರಾಣಾಪಾಯ. ಹಾಲಿನಲ್ಲಿ ಬೆಣ್ಣೆ ಅಡಗಿರುವಂತೆ ಅದನ್ನು ಅತಿ ಸೂಕ್ಷ್ಮ ಹನಿಗಳಾಗಿ ನೀರಿನಲ್ಲಿ ಬೆರೆಸಬೇಕು. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ಅವರು ಸೋಯಾ ಎಣ್ಣೆಯಿಂದ ಇದನ್ನು ಸಾಧಿಸಿದರು. ಮೀನೆಣ್ಣೆಯ ಒಮೆಗಾ-3 ಆಮ್ಲಗಳು ಉರಿಯೂತವನ್ನು ತಗ್ಗಿಸಬಲ್ಲವಾದುದರಿಂದ ಅದೂ ಅನಂತರ ಬಳಕೆಗೆ ಬಂದಿತು. ಆದರೆ ತೀವ್ರ ರೋಗಿಗಳೆಲ್ಲರ ಪ್ರಾಣವನ್ನು ಅದು ಉಳಿಸುವುದೆಂದು ಸಿದ್ಧಪಟ್ಟಿಲ್ಲ. 2018ರಲ್ಲಿ ಅಮೆರಿಕದಲ್ಲಿ ಬರಿಯ ಮೀನೆಣ್ಣೆಯ ಮಿಶ್ರಣಕ್ಕೆ ಒಪ್ಪಿಗೆ ದೊರೆತದ್ದು, ಇಂತಹ ಪೋಷಣೆಯ ಫಲವಾಗಿಯೇ ಪಿತ್ತದ ಹರಿವು ಕುಂಠಿತವಾದ ಮಕ್ಕಳಿಗಾಗಿ.

ಸಸ್ಯಾಹಾರಿ ಕುಟುಂಬದವರು ಇಲ್ಲಿ ಅಳುಕುವುದು ಸಹಜ. ಸೋಯಾ ಮಿಶ್ರಣವನ್ನು ಕುರಿತು ಅವರು ವೈದ್ಯರನ್ನು ವಿಚಾರಿಸಬಹುದು. ಅದರಲ್ಲಿಯೂ ಹನಿಗಳನ್ನು ಹಿಡಿದಿಡಲು ಮೊಟ್ಟೆಯ ಹಳದಿಯ ಅಂಶವಿರುತ್ತದೆಂಬುದು ಬೇರೆ ಮಾತು! ರೋಗಿಗೆ ಮೀನು, ಮೊಟ್ಟೆ, ಸೋಯಾಗಳಲ್ಲಿ ಯಾವುದಾದರೂ ಒಗ್ಗದಿದ್ದರೆ, ಮಿಶ್ರಣವನ್ನು ಏರಿಸುವ ಮುನ್ನವೇ ಬಂಧುಗಳು ಅದನ್ನು ವೈದ್ಯರಿಗೆ ತಿಳಿಸತಕ್ಕದ್ದು.